ಪಾದುವದ ಕಿರುಬಾಗಿಲುಗಳು

ಕಮ್ಮಾರನ ಕುಲುಮೆಯ ಮುಂದೆ ಬಾಲ್ಯದ ಒಂದೆರಡು ಬೇಸಗೆಗಳನ್ನಾದರೂ ಕಳೆದವರಿಗೆ ತಿದಿಯ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ. ಹಿಡಿಯನ್ನು ಎತ್ತಿದೊಡನೆ ಅದರ ತೊಗಲಿನ ಹೊಟ್ಟೆ ಉಬ್ಬಿ ಹೊರಗಿನ ಗಾಳಿಯನ್ನು ಒಳಗೆ ಸೆಳೆದುಕೊಳ್ಳುವುದು. ಒತ್ತಿದೊಡನೆ ಆ ಗಾಳಿಯೆಲ್ಲ ಮೂತಿಯಿಂದ ನುಗ್ಗಿ ಇದ್ದಲಿನ ರಾಶಿಯನ್ನು ಕೆಂಪೇರಿಸುವುದು. ಒಳಹೊಕ್ಕ ಗಾಳಿ ಬಂದ ದಾರಿಯಿಂದಲೇ ಹಿಂದಿರುಗದೆ ಮೂತಿಯನ್ನೇ ಏಕೆ ಹುಡುಕಿಕೊಂಡು ಹೋಗುವುದೆಂಬುದು ಹುಡುಗನಾಗಿದ್ದಾಗ ನನಗೆ ಬಿಡಿಸಲಾಗದ ಒಗಟಾಗಿದ್ದಿತು. ಒಂದು ದಿನ ದುರಸ್ತಿಗೆಂದು ತಿದಿಯನ್ನು ಬಿಚ್ಚಿ ಹಾಕಿದ್ದಾಗ ಉತ್ತರ ಕಣ್ಣಿಗೆ ಬಿದ್ದಿತು: ಕೆಳಹಲಗೆಯ ನಡುವೆ ಅಂಗೈಯಗಲದ ಒಂದು ತೂತು, ಅದರ ಒಳಮಗ್ಗುಲಿಗೆ ಒಂದೇ ಅಂಚಿನಲ್ಲಿ ಮೊಳೆ ಹೊಡೆದು ಹಾಸಿದ ತೊಗಲಿನ ತುಂಡು. ಅಗಳಿಯಿಲ್ಲ, ಚಿಲಕವಿಲ್ಲ, ಕಾವಲಿನವನಿಲ್ಲ. ಒಳಬರುವ ಗಾಳಿಯ ರಭಸವೇ ಆ ಬಾಗಿಲನ್ನು ತೆರೆಯುವುದು, ಹಿಂದಿರುಗಲೆಳಸುವ ಗಾಳಿಯ ರಭಸವೇ ಅದನ್ನು ಮುಚ್ಚುವುದು.

ಹೃದಯದ ಒಳಗಿರುವ ಇಂಥ ಸಾಧನಗಳಿಗೆ ನಮ್ಮ ಶಾಸ್ತ್ರಗ್ರಂಥಕಾರರು ‘ಕವಾಟ’ವೆಂದು ಹೆಸರಿಟ್ಟರು. ಕವಾಟವೆಂದರೆ ಬಾಗಿಲ ಕದವೇ ಅಲ್ಲವೆ? ಸಣ್ಣ ಕಿವಿಯೆಂಬ ಅರ್ಥದ ಲ್ಯಾಟಿನ್ ಮಾತಿಗೆ ಸರಿಯಾಗಿ ‘ಹೃತ್ಕರ್ಣ’ವೂ, ಸಣ್ಣ ಹೊಟ್ಟೆಯೆಂಬ ಮಾತಿಗೆ ಸರಿಯಾಗಿ ‘ಹೃತ್ಕುಕ್ಷಿ’ಯೂ ನಮ್ಮಲ್ಲಿ ರೂಢಿಗೆ ಬಂದುವು. ಹೆಸರುಗಳು ಹೀಗೆ ಸುಲಭವಾಗಿ ದೊರೆತುವಾದರೂ, ಆ ಬಾಗಿಲುಗಳು ಯಾವ ದಿಕ್ಕಿಗೆ ತೆರೆಯುತ್ತವೆ, ಹಾಗೆ ತೆರೆಯುವುದರ ಅರ್ಥವೇನು ಎಂಬುದನ್ನು ಮನುಷ್ಯನು ತಿಳಿಯಲು ಸುಮಾರು ಸಾವಿರದ ಒಂಬೈನೂರು ವರ್ಷಗಳು ಹಿಡಿದುವು. ಬಾಗಿಲು ಕಣ್ಣಿಗೆ ಕಾಣದೆ ಇದ್ದುದರಿಂದ ಆದ ವಿಳಂಬವಲ್ಲ ಇದು. ಕಂಡ ಬಾಗಿಲನ್ನು ನಂಬದೆ ಓದಿದ ಪುಸ್ತಕವನ್ನು ನಂಬಿದುದರಿಂದ ಆದ ವಿಳಂಬ.

ಈಗ ನಾವು ಬಲ್ಲ ಸಂಗತಿಯನ್ನು ಮೊದಲು ಹೇಳಿಬಿಡುವುದು ಕಥೆಗೆ ಅನುಕೂಲ. ಹೃದಯವು ನಡುಗೋಡೆಯೊಂದರಿಂದ ಎಡಬಲಗಳಾಗಿ ಭಾಗವಾದ ಮನೆ. ಒಂದೊಂದು ಪಾಲಿನಲ್ಲಿಯೂ ಮೇಲೆ ತೆಳುಗೋಡೆಯ ಹೃತ್ಕರ್ಣ, ಕೆಳಗೆ ದಪ್ಪಗೋಡೆಯ ಹೃತ್ಕುಕ್ಷಿ. ದೇಹವನ್ನೆಲ್ಲ ಸುತ್ತಿ ಬಂದ ರಕ್ತ ಬಲಪಾಲಿಗೆ ಇಳಿದು ಅಲ್ಲಿಂದ ಶ್ವಾಸಕೋಶಗಳಿಗೆ ಹೋಗುವುದು. ಶ್ವಾಸಕೋಶಗಳಲ್ಲಿ ಪ್ರಾಣವಾಯುವನ್ನು ಹೀರಿಕೊಂಡು ಎಡಪಾಲಿಗೆ ಮರಳಿ, ಅಲ್ಲಿಂದ ಮಹಾಪಧಮನಿಯ ಮೂಲಕ ಸರ್ವಾಂಗಗಳಿಗೂ ಹೊರಡುವುದು. ಬಲಗಡೆ ಕರ್ಣಕ್ಕೂ ಕುಕ್ಷಿಗೂ ನಡುವೆ ಮೂರು ದಳಗಳ ಬಾಗಿಲು, ಎಡಗಡೆ ಎರಡು ದಳಗಳದು. ಎರಡು ಕುಕ್ಷಿಗಳಿಂದಲೂ ಹೊರಡುವ ಮಹಾನಾಳಗಳ ಬಾಯಲ್ಲಿ ಮೂರು ಮೂರು ಅರ್ಧಚಂದ್ರಾಕಾರದ ಜೇಬುಗಳು.

ನಿಮಿಷಕ್ಕೆ 72 ಸಲ ಮಿಡಿಯುವ ಹೃದಯಕ್ಕೆ ಒಂದು ಮಿಡಿತದ ಆಯುಷ್ಯ ಸುಮಾರು 0.8 ಸೆಕೆಂಡು. ಅದರ ಅರ್ಧದಷ್ಟು ಕಾಲ ಇಡೀ ಹೃದಯ ಸಡಿಲವಾಗಿ ವಿಶ್ರಮಿಸುತ್ತಿರುವುದು. ಆಗ ಮೇಲಿನ ಬಾಗಿಲುಗಳು ತೆರೆದಿದ್ದು, ಕುಕ್ಷಿಯನ್ನು ತುಂಬಬೇಕಾದ ರಕ್ತದ ಬಹುಭಾಗವು ಯಾರ ಒತ್ತಾಯವೂ ಇಲ್ಲದೆ ತಾನಾಗಿಯೇ ಕೆಳಗಿಳಿಯುವುದು. ಅನಂತರ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಕರ್ಣಗಳು ಸಂಕೋಚಗೊಂಡು ಉಳಿದುದನ್ನು ಹಿಂಡಿ ಕಳುಹಿಸುವುವು. ಆ ಬಳಿಕ ಕುಕ್ಷಿಗಳ ಸರದಿ. ಅವು ಬಿಗಿಯತೊಡಗಿದೊಡನೆ ಒಳಗಿನ ರಕ್ತ ಮೇಲಕ್ಕೆ ನುಗ್ಗಲು ನೋಡುವುದು, ಹಾಗೆ ನುಗ್ಗುವ ರಭಸವೇ ಮೇಲಿನ ಕದಗಳನ್ನು ಒಂದಕ್ಕೊಂದು ಹೊಂದಿಸಿ ಮುಚ್ಚುವುದು. ತೆಳುವಾದ ಆ ದಳಗಳು ಬಿರುಗಾಳಿಗೆ ಸಿಕ್ಕ ಕೊಡೆಯಂತೆ ಹಿಂದುಮುಂದಾಗಿ ಮೇಲಕ್ಕೆ ಮಗುಚಿಕೊಳ್ಳಬಾರದಷ್ಟೆ. ಅದಕ್ಕಾಗಿ ಅವುಗಳ ಅಂಚಿನಿಂದ ಬಿಳಿಯ ನೂಲಿನಂಥ ರಜ್ಜುಗಳು ಇಳಿದು, ಕುಕ್ಷಿಯ ಗೋಡೆಯಿಂದ ಎದ್ದು ನಿಂತ ಮಾಂಸದ ಗೂಟಗಳಿಗೆ ಬಿಗಿದುಕೊಂಡಿರುವುವು. ಬಾಗಿಲನ್ನು ತೆರೆಯುವ ಕೆಲಸ ಆ ಹಗ್ಗಗಳದಲ್ಲ, ಮುಚ್ಚಿದ ಕದ ಚೌಕಟ್ಟನ್ನು ಮೀರಿ ಆಚೆಗೆ ಹೋಗದಂತೆ ಹಿಡಿದಿರುವುದಷ್ಟೇ ಅವುಗಳ ಕೆಲಸ.

ಆಗ ಒಂದು ಕ್ಷಣ ನಾಲ್ಕು ಬಾಗಿಲುಗಳೂ ಮುಚ್ಚಿರುವುವು. ಎಲ್ಲಿಯೂ ಹೋಗಲು ದಾರಿಯಿಲ್ಲದ ರಕ್ತವನ್ನು ಕುಕ್ಷಿಯು ನಾಲ್ಕು ಕಡೆಯಿಂದಲೂ ಅಮುಕುತ್ತ ಹೋಗುವುದು; ಒಳಗಿನ ಒತ್ತಡ ಹೊರಗಿನ ಮಹಾನಾಳದ ಒತ್ತಡವನ್ನು ಮೀರಿದ ಕ್ಷಣದಲ್ಲಿ ಅರ್ಧಚಂದ್ರದ ಜೇಬುಗಳು ಗೋಡೆಗೆ ಒರಗಿ ದಾರಿ ಬಿಡುವುವು, ಸುಮಾರು 70 ಮಿಲಿಲೀಟರು ರಕ್ತ ಹೊರಕ್ಕೆ ಚಿಮ್ಮುವುದು. ಈ ಸಂಕೋಚವೆಲ್ಲ 0.3 ಸೆಕೆಂಡಿನಲ್ಲಿ ಮುಗಿದುಹೋಗುವುದು. ಕುಕ್ಷಿ ಸಡಿಲವಾದೊಡನೆ ಹೊರಹೋದ ರಕ್ತ ಹಿಂದಕ್ಕೆ ಬೀಳಲು ನೋಡಿ, ತಾನೇ ಆ ಮೂರು ಜೇಬುಗಳನ್ನು ತುಂಬಿ ಉಬ್ಬಿಸಿ, ತನ್ನ ದಾರಿಯನ್ನು ತಾನೇ ಕಟ್ಟಿಕೊಳ್ಳುವುದು. ಮತ್ತೆ ಒಂದು ಕ್ಷಣ ನಾಲ್ಕೂ ಮುಚ್ಚಿ, ಮತ್ತೆ ಮೇಲಿನವು ತೆರೆದು, ಮತ್ತೆ ವಿಶ್ರಾಂತಿ. ದಿನವೊಂದಕ್ಕೆ ಇದು ಲಕ್ಷಕ್ಕೂ ಮಿಕ್ಕು ಸಲ ನಡೆಯುವುದು.

ಇಷ್ಟನ್ನು ಮೊದಲು ಅರ್ಧವಾದರೂ ಕಂಡವನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದಲ್ಲಿದ್ದ ಎರಾಸಿಸ್ಟ್ರಾಟಸ್. ಹೃದಯದ ಕವಾಟಗಳನ್ನು ವಿವರಿಸಿ, ಅವು ಒಮ್ಮುಖವಾಗಿ ದಾರಿ ಬಿಡುವುವೆಂದು ಅವನು ಹೇಳಿದನು. ಆದರೆ ಸತ್ತ ದೇಹವನ್ನು ಕೊಯ್ದಾಗ ಅಪಧಮನಿಗಳು ಬರಿದಾಗಿ ಕಂಡುದರಿಂದ, ಅವುಗಳಲ್ಲಿ ಹರಿಯುವುದು ರಕ್ತವಲ್ಲ, ಪ್ರಾಣರೂಪವಾದ ವಾಯುವೆಂದು ನಂಬಿದನು. ಬಾಗಿಲು ಸರಿ, ಆದರೆ ಅದನ್ನು ದಾಟುವವನು ಯಾರೆಂಬುದು ತಪ್ಪು.

ನಾಲ್ಕು ಶತಮಾನಗಳ ಬಳಿಕ ಪರ್ಗಮಮ್ ಪಟ್ಟಣದ ಗ್ಯಾಲೆನ್ ಬಂದನು. ಮಲ್ಲರಂಗದಲ್ಲಿ ಕಾದಾಡಿ ಗಾಯಗೊಂಡವರಿಗೆ ವೈದ್ಯನಾಗಿದ್ದ ಅವನಿಗೆ ಹಸಿಗಾಯದೊಳಗೆ ಇಣುಕಿ ನೋಡುವ ಅವಕಾಶ ಬೇಕಾದಷ್ಟು ದೊರೆಯಿತು. ಜೀವಂತ ಪ್ರಾಣಿಯ ಅಪಧಮನಿಯೊಂದಕ್ಕೆ ಎರಡು ಕಡೆ ದಾರ ಬಿಗಿದು ನಡುವೆ ಸೀಳಿ, ಒಳಗಿರುವುದು ರಕ್ತವೇ ಹೊರತು ಗಾಳಿಯಲ್ಲವೆಂದು ಅವನು ತೋರಿಸಿಕೊಟ್ಟನು. ಇಷ್ಟು ನಿಷ್ಕೃಷ್ಟವಾಗಿ ನೋಡಬಲ್ಲ ಪುರುಷನು ಮಿಕ್ಕುದನ್ನು ಊಹೆಯಿಂದ ತುಂಬಿದನು. ಉಂಡ ಅನ್ನ ಯಕೃತ್ತಿನಲ್ಲಿ ರಕ್ತವಾಗುವುದು. ಅದು ಅಭಿಧಮನಿಗಳಲ್ಲಿ ಉಬ್ಬರವಿಳಿತದಂತೆ ಹರಿದು ಅಂಗಾಂಗಗಳಲ್ಲಿ ಹೊಲದ ನೀರಿನಂತೆ ಇಂಗಿಹೋಗುವುದು. ಅದರಲ್ಲಿ ಕೊಂಚಭಾಗ ಮಾತ್ರ ಹೃದಯದ ನಡುಗೋಡೆಯಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಬಲದಿಂದ ಎಡಕ್ಕೆ ಒಸರಿ ಪ್ರಾಣವಾಯುವಿನೊಡನೆ ಬೆರೆಯುವುದು. ನಡುಗೋಡೆಯಲ್ಲಿ ರಂಧ್ರಗಳಿಲ್ಲ. ಇಲ್ಲದ ರಂಧ್ರಗಳನ್ನು ಪಾಶ್ಚಾತ್ಯ ವೈದ್ಯಲೋಕ ಸಾವಿರದ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ನಂಬಿಕೊಂಡಿದ್ದಿತು.

ನಮ್ಮ ದೇಶದಲ್ಲಿ ಸುಶ್ರುತನು ಹೃದಯವನ್ನು ಅಧೋಮುಖವಾದ ತಾವರೆಯ ಮೊಗ್ಗಿಗೆ ಹೋಲಿಸಿ, ಎಚ್ಚರದಲ್ಲಿ ಅರಳುವುದೆಂದೂ ನಿದ್ರೆಯಲ್ಲಿ ಮುಚ್ಚುವುದೆಂದೂ ಹೇಳಿದನು. ಬೃಹದಾರಣ್ಯಕೋಪನಿಷತ್ತು ‘ಹೃದಯ’ವೆಂಬ ಪದವನ್ನು ಮೂರು ಅಕ್ಷರಗಳಾಗಿ ಬಿಡಿಸಿ ತರುವುದು, ಕೊಡುವುದು, ಹೋಗುವುದು ಎಂಬ ಅರ್ಥಗಳನ್ನು ಹೇಳುವುದುಂಟು. ಇದನ್ನು ಹಿಡಿದುಕೊಂಡು ರಕ್ತಪರಿಚಲನೆಯ ತತ್ತ್ವ ಉಪನಿಷತ್ಕಾಲದಲ್ಲಿಯೇ ತಿಳಿದಿದ್ದಿತೆಂದು ವಾದಿಸುವ ಅಭಿಮಾನಿಗಳಿದ್ದಾರೆ. ಆದರೆ ಅಲ್ಲಿ ತಂದುಕೊಡುವವರು ಸ್ವಜನರೂ ಅನ್ಯರೂ, ಹೋಗುವುದು ಸ್ವರ್ಗಕ್ಕೆ; ಹೃದಯವು ಅಲ್ಲಿ ಬ್ರಹ್ಮವೇ ಹೊರತು ಮಾಂಸದ ಯಂತ್ರವಲ್ಲ. ಋಷಿಗಳು ಹೇಳಿದ ಮಾತಿಗೆ ಅದರದೇ ಆದ ಘನತೆಯಿರುವಾಗ, ಹೇಳದ ಮಾತನ್ನು ಅವರ ಬಾಯಲ್ಲಿ ಹಾಕುವ ಅಗತ್ಯವಿಲ್ಲ.

ಗ್ಯಾಲೆನ್ನನ ರಂಧ್ರಗಳನ್ನು ಮೊದಲು ನಿರಾಕರಿಸಿದವನು ದಮಾಸ್ಕಸ್ಸಿನಲ್ಲಿ ಕಲಿತು ಕೈರೋದಲ್ಲಿ ವೈದ್ಯವೃತ್ತಿ ನಡೆಸಿದ ಇಬ್ನ್ ಅಲ್-ನಫೀಸ್. 1242ರ ಸುಮಾರಿಗೆ ಅವಿಸೆನ್ನನ ವೈದ್ಯಶಾಸ್ತ್ರಗ್ರಂಥದ ಶರೀರಭಾಗಕ್ಕೆ ಬರೆದ ವ್ಯಾಖ್ಯಾನದಲ್ಲಿ, ಆ ನಡುಗೋಡೆ ಒತ್ತಾಗಿ ನೇಯ್ದ ಘನವಾದ ಗೋಡೆಯೆಂದೂ, ಬಲಗಡೆಯ ರಕ್ತ ಶ್ವಾಸಕೋಶವನ್ನು ಬಳಸಿಯೇ ಎಡಕ್ಕೆ ಬರಬೇಕೆಂದೂ ಅವನು ಸ್ಪಷ್ಟವಾಗಿ ಸಾರಿದನು. ಆ ಹಸ್ತಪ್ರತಿಯ ಮಹತ್ತ್ವವನ್ನು ಈಜಿಪ್ಟಿನ ವೈದ್ಯವಿದ್ಯಾರ್ಥಿಯೊಬ್ಬನು ಜರ್ಮನಿಯಲ್ಲಿ ಗುರುತಿಸಿದುದು 1924ರಲ್ಲಿ. ಅಲ್ಲಿಯ ತನಕ ಆ ಸತ್ಯವೂ ಗ್ರಂಥಭಂಡಾರದ ಮುಚ್ಚಿದ ಬಾಗಿಲ ಹಿಂದೆಯೇ ಇದ್ದಿತು.

ಇನ್ನು ಪಾದುವಕ್ಕೆ ಬರೋಣ. ವೆನಿಸ್ ಗಣರಾಜ್ಯದ ಆಶ್ರಯದಲ್ಲಿದ್ದ ಈ ಪಟ್ಟಣದ ವಿಶ್ವವಿದ್ಯಾನಿಲಯದಲ್ಲಿ 1537ರಲ್ಲಿ ಇನ್ನೂ ಇಪ್ಪತ್ತಮೂರು ತುಂಬದ ವೆಸೇಲಿಯಸ್ ಶಸ್ತ್ರವೈದ್ಯದ ಪ್ರಾಧ್ಯಾಪಕನಾದನು. ಅದುವರೆಗೆ ಆಚಾರ್ಯನಾದವನು ಎತ್ತರದ ಪೀಠದಲ್ಲಿ ಕುಳಿತು ಗ್ಯಾಲೆನ್ನನನ್ನು ಪಾರಾಯಣ ಮಾಡುವುದು, ಕೆಳಗೆ ಕ್ಷೌರಿಕನು ಶವವನ್ನು ಕೊಯ್ಯುವುದು, ಪುಸ್ತಕಕ್ಕೂ ಶವಕ್ಕೂ ಹೊಂದದಿದ್ದರೆ ಶವದ್ದೇ ತಪ್ಪೆಂದು ಮುಂದೆ ಸಾಗುವುದು, ಇದು ವಾಡಿಕೆಯಾಗಿದ್ದಿತು. ವೆಸೇಲಿಯಸ್ ಪೀಠದಿಂದ ಇಳಿದು ಬಂದು ಕತ್ತಿಯನ್ನು ತಾನೇ ಹಿಡಿದನು. 1543ರಲ್ಲಿ ಅಚ್ಚಾದ ಅವನ ಮಹಾಗ್ರಂಥದಲ್ಲಿ, ನಡುಗೋಡೆಯ ಮೂಲಕ ರಕ್ತವನ್ನು ಒಸರಿಸಿದ ಸೃಷ್ಟಿಕರ್ತನ ಕೌಶಲವನ್ನು ಕೊಂಚ ವ್ಯಂಗ್ಯದಿಂದಲೇ ಮೆಚ್ಚಿಕೊಂಡನು; 1555ರ ಎರಡನೆಯ ಮುದ್ರಣದಲ್ಲಿ ಆ ಸಂಶಯವನ್ನು ಬಾಯಿಬಿಟ್ಟೇ ಹೇಳಿದನು. ಎಡಗಡೆಯ ಇಬ್ಬಾಗದ ಕವಾಟವನ್ನು ಕ್ರೈಸ್ತ ಧರ್ಮಾಧ್ಯಕ್ಷರ ಎರಡು ಮೊನೆಯ ಕಿರೀಟಕ್ಕೆ ಹೋಲಿಸಿದವನೂ ಅವನೇ. ಇಂದಿಗೂ ವೈದ್ಯರು ಅದನ್ನು ‘ಮೈಟ್ರಲ್’ ಎಂದು ಕರೆಯುವುದು ಆ ಕಿರೀಟದ ನೆನಪಿನಿಂದ. ಅವನ ಪೀಠಕ್ಕೆ ಬಂದ ರಿಯಾಲ್ಡೊ ಕೊಲಂಬೊ 1559ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ರಕ್ತ ಶ್ವಾಸಕೋಶದ ದಾರಿಯಿಂದ ಎಡಕ್ಕೆ ಬರುವುದೆಂದು ಬರೆದನು. ಅದೇ ಮಾತನ್ನು ದೇವತಾಶಾಸ್ತ್ರದ ಗ್ರಂಥವೊಂದರ ನಡುವೆ ಹೇಳಿದ್ದ ಸರ್ವೀಟಸ್, ಆ ಗ್ರಂಥದ ಇತರ ಅಭಿಪ್ರಾಯಗಳಿಗಾಗಿ, 1553ರಲ್ಲಿ ಜಿನೀವದಲ್ಲಿ ಜೀವಂತ ದಹಿಸಲ್ಪಟ್ಟಿದ್ದನು.

ಕೊಲಂಬೊವಿನ ತರುವಾಯದ ಪೀಳಿಗೆಯಲ್ಲಿ ಪಾದುವದ ಕೀರ್ತಿಯನ್ನು ಹೊತ್ತವನು ಫಾಬ್ರೀಸಿಯಸ್. ಅವನ ಕಾಲದಲ್ಲಿ, 1595ರಲ್ಲಿ, ವಿಶ್ವವಿದ್ಯಾನಿಲಯದ ಅರಮನೆಯೊಳಗೆ ಶವಚ್ಛೇದನಕ್ಕೆಂದೇ ಕಟ್ಟಿದ ರಂಗಮಂಟಪ ತೆರೆಯಿತು. ಅದು ಇಂದಿಗೂ ನಿಂತಿದೆ. ಬಾವಿಯಂತೆ ಆಳವಾದ, ಮೊಟ್ಟೆಯಾಕಾರದ ಗುಂಡಿ. ಅದರ ಸುತ್ತ ಒಂದರ ಮೇಲೊಂದಾಗಿ ಆರು ಸುತ್ತು ಮರದ ಕಟಕಟೆಗಳು. ಕುಳಿತುಕೊಳ್ಳಲು ಎಡೆಯಿಲ್ಲದಷ್ಟು ಇಕ್ಕಟ್ಟು. ಶವ ಬೇಗ ಕೆಡದಿರಲೆಂದು ಚಳಿಗಾಲದಲ್ಲಿಯೇ ನಡೆಯುತ್ತಿದ್ದ ಆ ಪಾಠಗಳಿಗೆ ಇನ್ನೂರಕ್ಕೂ ಮಿಕ್ಕ ಮಂದಿ ಮೋಂಬತ್ತಿಯ ಬೆಳಕಿನಲ್ಲಿ ಕಟಕಟೆಗೆ ಎದೆಯೊತ್ತಿ ನಿಂತು, ಬಾವಿಯೊಳಕ್ಕೆ ಬಗ್ಗಿ ನೋಡುವವರಂತೆ ಕೆಳಗಿನ ಮೇಜನ್ನು ನೋಡುತ್ತಿದ್ದರು.

ಫಾಬ್ರೀಸಿಯಸ್ 1574ರಲ್ಲಿಯೇ ಅಭಿಧಮನಿಗಳ ಒಳಗೋಡೆಯಲ್ಲಿ ತೆಳುಪೊರೆಯ ಪುಟ್ಟ ಜೇಬುಗಳನ್ನು ಗಮನಿಸಿದ್ದನು. ಅವುಗಳನ್ನು ಕುರಿತು 1603ರಲ್ಲಿ ಅಚ್ಚು ಹಾಕಿಸಿದ ಪುಸ್ತಕಕ್ಕೆ ಅವನು ಕೊಟ್ಟ ಹೆಸರಿನ ಅರ್ಥವೇ ‘ಅಭಿಧಮನಿಗಳ ಕಿರುಬಾಗಿಲುಗಳು’. ರಕ್ತ ತೆಗೆಯಲೆಂದು ತೋಳಿಗೆ ಪಟ್ಟಿ ಬಿಗಿದಾಗ ಚರ್ಮದ ಕೆಳಗೆ ಬಳ್ಳಿಯ ಗೆಣ್ಣಿನಂತೆ ಅಲ್ಲಲ್ಲಿ ಉಬ್ಬುವ ಗಂಟುಗಳೇ ಈ ಬಾಗಿಲುಗಳೆಂದು ಚಿತ್ರಸಹಿತವಾಗಿ ತೋರಿಸಿದನು. ಅವುಗಳ ಬಾಯಿ ಹೃದಯದ ಕಡೆಗೆ ತೆರೆದಿರುವುದನ್ನೂ ಕಂಡನು. ಕಂಡು, ಯಕೃತ್ತಿನಿಂದ ಹೊರಟ ರಕ್ತ ಒಮ್ಮೆಲೇ ಧುಮುಕಿ ಕೈಕಾಲುಗಳಲ್ಲಿ ಮಡುಗಟ್ಟದಂತೆ ತಡೆತಡೆದು ಬಿಡುವುದಕ್ಕಾಗಿ ಪ್ರಕೃತಿ ಇಟ್ಟ ಅಡ್ಡಕಟ್ಟುಗಳು ಇವು ಎಂದು ತೀರ್ಮಾನಿಸಿದನು! ಬಾಗಿಲೆಂದು ಹೆಸರಿಟ್ಟವನೇ ಅದನ್ನು ಒಡ್ಡೆಂದು ತಿಳಿದನು.

ಆ ಕಟಕಟೆಗೆ ಒರಗಿ ನಿಂತು ನೋಡಿದವರಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್ ಊರಿನ ವಿಲಿಯಂ ಹಾರ್ವೆಯೂ ಒಬ್ಬನು. 1602ರಲ್ಲಿ ಪಾದುವದ ಪದವಿ ಪಡೆದು ಲಂಡನ್ನಿಗೆ ಮರಳಿದನು. ಅವನು ಓದುತ್ತಿದ್ದ ದಿನಗಳಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ಗೆಲಿಲಿಯೋ ಗಣಿತ ಹೇಳುತ್ತಿದ್ದನು. ಹಾರ್ವೆಯ ವೃದ್ಧಾಪ್ಯದಲ್ಲಿ ಅವನನ್ನು ಕಂಡ ವಿಜ್ಞಾನಿ ರಾಬರ್ಟ್ ಬಾಯ್ಲ್, ರಕ್ತ ಸುತ್ತುವುದೆಂಬ ಆಲೋಚನೆ ತಮಗೆ ಹೇಗೆ ಹೊಳೆಯಿತೆಂದು ಕೇಳಿದಾಗ, ಅಭಿಧಮನಿಗಳ ಬಾಗಿಲುಗಳಿಂದ ಎಂದು ಆತನು ಉತ್ತರವಿತ್ತನಂತೆ. ಗುರುವಿನ ವಿವರಣೆಯಲ್ಲಿದ್ದ ಬಿರುಕು ಶಿಷ್ಯನಿಗೆ ಕಂಡುದು ಕುತ್ತಿಗೆಯಲ್ಲಿ. ರಕ್ತ ಕೆಳಗೆ ಧುಮುಕದಂತೆ ತಡೆಯುವುದೇ ಬಾಗಿಲುಗಳ ಉದ್ದೇಶವಾದರೆ, ಕುತ್ತಿಗೆಯ ನಾಳಗಳಲ್ಲಿಯ ಬಾಗಿಲುಗಳು ಕೆಳಮುಖವಾಗಿ ತೆರೆದಿರುವುದೇಕೆ? ಕಾಲಿನವು ಮೇಲಕ್ಕೆ, ಕುತ್ತಿಗೆಯವು ಕೆಳಕ್ಕೆ. ಎಲ್ಲಕ್ಕೂ ಸಾಮಾನ್ಯವಾದ ದಿಕ್ಕು ಒಂದೇ, ಅದು ಹೃದಯ.

ಹೃದಯದ ಚಲನೆಯೋ, ಮೊದಲು ನೋಡಿದಾಗ ಅದು ದೇವರೊಬ್ಬನಿಗೇ ಅರ್ಥವಾಗತಕ್ಕದ್ದೆಂದು ತೋರಿತೆಂದು ಹಾರ್ವೆಯೇ ಒಪ್ಪಿಕೊಂಡಿದ್ದಾನೆ. ಬಿಸಿರಕ್ತದ ಪ್ರಾಣಿಗಳಲ್ಲಿ ಅದು ಮಿಂಚಿನಂತೆ ಬಂದು ಹೋಗುವುದು. ಆಗ ಅವನು ಕಪ್ಪೆ, ಹಾವು, ಮೀನುಗಳಂಥ ತಣ್ಣನೆಯ ರಕ್ತದ ಪ್ರಾಣಿಗಳ ಕಡೆಗೆ ತಿರುಗಿದನು. ಸಾಯುತ್ತಿರುವ ನಾಯಿ ಹಂದಿಗಳ ನಿಧಾನವಾಗುತ್ತ ಬಂದ ಎದೆಯನ್ನು ಕಾದು ನೋಡಿದನು. ಮೊದಲು ಕರ್ಣ, ಬಳಿಕ ಕುಕ್ಷಿ, ಒಂದನ್ನೊಂದು ಹಿಂಬಾಲಿಸುವುದು ಕಂಡಿತು. ಹೃದಯದ ನಿಜವಾದ ಕೆಲಸ ಹಿಗ್ಗುವುದಲ್ಲ, ಕುಗ್ಗುವುದು. ಅದು ಗಟ್ಟಿಯಾಗಿ ಕುಗ್ಗಿದ ಕ್ಷಣದಲ್ಲಿಯೇ ನಾಡಿ ಉಬ್ಬುವುದು. 1616ರಲ್ಲಿ ಆರಂಭವಾದ ಅವನ ಉಪನ್ಯಾಸಗಳ ಟಿಪ್ಪಣಿಯಲ್ಲಿ ಹೃದಯಕ್ಕೆ ನೀರೆತ್ತುವ ತಿದಿಯ ಹೋಲಿಕೆ ಬಂದಿದೆ. ಕುಲುಮೆಯ ಹುಡುಗನು ಕಂಡ ತೊಗಲಿನ ತುಂಡು ಕೊನೆಗೂ ಶಾಸ್ತ್ರದೊಳಕ್ಕೆ ಬಂದಿತು.

ಆ ಮೇಲೆ ಅವನು ಮಾಡಿದುದು ಅಂಗಡಿಯ ಲೆಕ್ಕದಷ್ಟು ಸರಳವಾದ ಒಂದು ಗುಣಾಕಾರ. ಒಂದು ಮಿಡಿತಕ್ಕೆ ಅರ್ಧ ಔನ್ಸು ರಕ್ತವಷ್ಟೇ ಹೊರಬೀಳುವುದೆನ್ನೋಣ. ಅರ್ಧ ಗಂಟೆಗೆ ಸಾವಿರ ಮಿಡಿತವೆನ್ನೋಣ. 500 ಔನ್ಸಾಯಿತು, ಇಡೀ ದೇಹದಲ್ಲಿಯೂ ಅಷ್ಟು ರಕ್ತವಿಲ್ಲ. ಕೈ ಬಿಗಿಹಿಡಿದು ಕಟ್ಟಿದ ಲೆಕ್ಕ ಇದು. ನಿಜವಾಗಿ ಹೊರಬೀಳುವುದು ಇದರ ಎಷ್ಟೋ ಪಾಲು ಹೆಚ್ಚು. ಉಂಡ ಅನ್ನದಿಂದ ಯಕೃತ್ತು ಇಷ್ಟನ್ನು ಹೊಸದಾಗಿ ಮಾಡಲಾರದು, ಅಂಗಗಳು ಇಷ್ಟನ್ನು ಇಂಗಿಸಿಕೊಳ್ಳಲಾರವು. ಬಾಗಿಲುಗಳೋ ಹಿಂದಕ್ಕೆ ಬಿಡವು. ಆದುದರಿಂದ ಹೋದುದೇ ಸುತ್ತಿ ಮತ್ತೆ ಬರಬೇಕು. 1628ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ 72 ಪುಟಗಳ ಲ್ಯಾಟಿನ್ ಪುಸ್ತಕದಲ್ಲಿ ಅವನು ಲೋಕದ ಮುಂದಿಟ್ಟ ವಾದದ ತಿರುಳು ಇದು. ಅಪಧಮನಿಗಳ ತುದಿಯಿಂದ ಅಭಿಧಮನಿಗಳಿಗೆ ರಕ್ತ ಹೇಗೆ ದಾಟುವುದೆಂಬುದನ್ನು ಅವನು ಕಣ್ಣಾರೆ ಕಾಣಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1661ರಲ್ಲಿ, ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಲೋಮನಾಳಗಳನ್ನು ಕಂಡನು.

ಮಿಡಿತದ ಸದ್ದು ಎದೆಯಲ್ಲಿ ಕೇಳಬರುವುದೆಂದು ಹಾರ್ವೆ ಬರೆದಾಗ, ವೆನಿಸಿನ ವೈದ್ಯನೊಬ್ಬನು ತಮ್ಮೂರಿನಲ್ಲಿ ಯಾರಿಗೂ ಅದು ಕೇಳಿಸದೆಂದು ಗೇಲಿಮಾಡಿದನು. ಕೇಳಿಸುವ ಉಪಕರಣ ಬಂದುದು 1816ರಲ್ಲಿ. ಪ್ಯಾರಿಸಿನ ಲೆನೆಕ್ ಎಂಬ ವೈದ್ಯನು ತರುಣಿಯಾದ ರೋಗಿಯ ಎದೆಗೆ ಕಿವಿಯಿಡಲು ಸಂಕೋಚಪಟ್ಟು, ದಸ್ತು ಕಾಗದವನ್ನು ಸುರುಳಿ ಸುತ್ತಿ ಒಂದು ತುದಿಯನ್ನು ಎದೆಗೂ ಇನ್ನೊಂದನ್ನು ಕಿವಿಗೂ ಇಟ್ಟನು; ಬರಿಯ ಕಿವಿಗಿಂತ ಸ್ಪಷ್ಟವಾಗಿ ಕೇಳಿಸಿತು. ಆ ಸುರುಳಿಯೇ ಮರದ ಕೊಳವೆಯಾಗಿ, ಇಂದು ವೈದ್ಯರ ಕೊರಳಲ್ಲಿ ತೂಗುವ ಸ್ಟೆತೊಸ್ಕೋಪಾಯಿತು. ಆದರೆ ಎರಡನೆಯ ಸದ್ದು ಕರ್ಣಗಳ ಸಂಕೋಚದಿಂದ ಆಗುವುದೆಂದು ಲೆನೆಕ್ ತಪ್ಪು ತಿಳಿದನು. ಸದ್ದು ಮಾಡುವುದು ಕೋಣೆಗಳಲ್ಲ, ಬಾಗಿಲುಗಳು ಎಂದು ಪ್ಯಾರಿಸಿನಲ್ಲಿಯೇ 1832ರಲ್ಲಿ ರುವಾನೆ ಎಂಬವನು ವಾದಿಸಿದನು: ಮೇಲಿನ ಕವಾಟಗಳು ಮುಚ್ಚಿದಾಗ ದೀರ್ಘವೂ ಮಂದ್ರವೂ ಆದ ‘ಲಬ್’, ಮಹಾನಾಳಗಳ ಬಾಯಲ್ಲಿಯವು ಮುಚ್ಚಿದಾಗ ಹ್ರಸ್ವವಾದ ‘ಡಪ್’. ತೆರೆಯುವ ಬಾಗಿಲು ಮೌನಿ. ಮುಚ್ಚುವ ಬಾಗಿಲು ಮಾತ್ರ ಮಾತಾಡುವುದು. ಕದ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರಿದರೆ, ಅಥವಾ ಬೆಸೆದುಕೊಂಡು ಇಕ್ಕಟ್ಟಾದರೆ, ಈ ಎರಡು ಮಾತುಗಳ ನಡುವೆ ಮರ್ಮರವೊಂದು ಸೇರಿಕೊಳ್ಳುವುದು.

ಈ ಕಥೆಯಲ್ಲಿ ನನ್ನನ್ನು ಬಹುವಾಗಿ ಕಾಡಿದವರು ರಕ್ತ ತೆಗೆಯುತ್ತಿದ್ದ, ಹೆಸರಿಲ್ಲದ ಒಂದು ಗುಂಪಿನವರು. ರಕ್ತಮೋಕ್ಷಣದ ವಾಡಿಕೆ ಗ್ರೀಸಿನಲ್ಲಿ ಇದ್ದಿತು, ಅರಬರಲ್ಲಿ ಇದ್ದಿತು. ನಮ್ಮ ಸುಶ್ರುತಸಂಹಿತೆಯಲ್ಲಿ ನಾಳವನ್ನು ಚುಚ್ಚುವ ಸಿರಾವ್ಯಧಕ್ಕೆಂದೇ ಒಂದು ಅಧ್ಯಾಯವುಂಟು. ಊರೂರಿನ ಕ್ಷೌರಿಕನೂ ತೋಳಿಗೆ ಪಟ್ಟಿ ಬಿಗಿಯುವಾಗ ಚುಚ್ಚುವ ಜಾಗಕ್ಕಿಂತ ಮೇಲೆಯೇ ಬಿಗಿಯುತ್ತಿದ್ದನು. ನಾಳ ಉಬ್ಬುತ್ತಿದ್ದುದು ಪಟ್ಟಿಯ ಕೆಳಗೆ, ಬೆರಳುಗಳ ಕಡೆಗೆ. ಶಾಸ್ತ್ರ ಹೇಳುವಂತೆ ರಕ್ತ ಯಕೃತ್ತಿನಿಂದ ಕೈಗೆ ಹರಿದು ಬರುವುದಾಗಿದ್ದರೆ ಉಬ್ಬಬೇಕಾದುದು ಪಟ್ಟಿಯ ಮೇಲುಭಾಗ. ಸಾವಿರಾರು ವರ್ಷ ಲಕ್ಷಾಂತರ ಕೈಗಳು ಶಾಸ್ತ್ರವನ್ನು ದಿನದಿನವೂ ಸುಳ್ಳು ಮಾಡುತ್ತಲೇ ಇದ್ದುವು. ಹಾರ್ವೆ ತನ್ನ ಪುಸ್ತಕದಲ್ಲಿ ಈ ಕ್ಷೌರಿಕನ ಪಟ್ಟಿಯನ್ನೇ ಸಾಕ್ಷಿಗೆ ಕರೆದನು. ತೋಳಿಗೆ ಹದವಾಗಿ ಪಟ್ಟಿ ಬಿಗಿದು, ಉಬ್ಬಿದ ನಾಳವನ್ನು ಒಂದು ಬೆರಳಿನಿಂದ ಅದುಮಿ ಹಿಡಿದು, ಇನ್ನೊಂದು ಬೆರಳಿನಿಂದ ಅಲ್ಲಿಂದ ಮೇಲಿನ ಗಂಟಿನ ಆಚೆಗೆ ರಕ್ತವನ್ನು ನೂಕಿದರೆ, ನಡುವಣ ಭಾಗ ಬರಿದಾಗಿ ತಗ್ಗಿ ಹಾಗೆಯೇ ಉಳಿಯುವುದು. ಮೇಲಿನ ರಕ್ತವನ್ನು ಎಷ್ಟು ಒತ್ತಿದರೂ ಅದು ಗಂಟನ್ನು ದಾಟಿ ಕೆಳಗಿಳಿಯದು. ಕೆಳಗಿನ ಬೆರಳನ್ನು ಎತ್ತಿದೊಡನೆ ಅಂಗೈಯ ಕಡೆಯಿಂದ ಅದು ತಟಕ್ಕನೆ ತುಂಬಿಕೊಳ್ಳುವುದು.

ಈ ಪ್ರಯೋಗಕ್ಕೆ ರಂಗಮಂಟಪ ಬೇಡ, ಶವ ಬೇಡ. ನೇಗಿಲು ಹಿಡಿದು ನರಗಳೆದ್ದ ಮುಂಗೈಯೊಂದಿದ್ದರೆ ಸಾಕು. ಮೊನ್ನೆ ರಕ್ತಪರೀಕ್ಷೆಗೆಂದು ಆಸ್ಪತ್ರೆಯಲ್ಲಿ ಕುಳಿತಿದ್ದಾಗ, ದಾದಿ ನನ್ನ ತೋಳಿಗೆ ರಬ್ಬರಿನ ಪಟ್ಟಿ ಬಿಗಿದು, “ಮುಷ್ಟಿ ಬಿಗಿಹಿಡೀರಿ ಯಜಮಾನರೆ” ಎಂದಳು. ಹಿಡಿದೆ. ಮೊಣಕೈಯ ಮಡಿಕೆಯಲ್ಲಿ ನೀಲಿ ನಾಳ ಮೆಲ್ಲನೆ ಎದ್ದು ಬಂದಿತು, ಪಟ್ಟಿಯ ಕೆಳಗಡೆ.